ಮೊದಲ ಪಾಠ ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಇದೆ

ಕಡೂರಿನ ಮೋಟಾರ್ ರಿಪೇರಿ ಅಂಗಡಿಯೊಂದರಲ್ಲಿ ಈ ವಾರ, ಫೋನಿನಿಂದಲೇ ಪಂಪ್ ಆನ್ ಮಾಡುವ ಮೊಬೈಲ್ ಸ್ಟಾರ್ಟರೊಂದರ ಮುಚ್ಚಳ ಬಿಚ್ಚಿಟ್ಟಿದ್ದರು. ಒಳಗೆ ಸಿಮ್ಮು, ರಿಲೇ, ನಡುವೆ ಉಗುರಿನಷ್ಟು ಮೈಕ್ರೋಕಂಟ್ರೋಲರ್ ಚಿಪ್ಪು. ತರೀಕೆರೆ ಪೇಟೆಯಲ್ಲಿ ನಿಂತೇ ಅಜ್ಜಂಪುರದ ತೋಟದ ಬೋರ್‌ವೆಲ್ ಆನ್ ಮಾಡುವ ರೈತರು ಮೈಕ್ರೋಕಂಟ್ರೋಲರನ್ನು ದಿನವೂ ದುಡಿಸಿಕೊಳ್ಳುತ್ತಿದ್ದಾರೆ. ಅವರ ಮಕ್ಕಳು ಮಾತ್ರ ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡ್ ಕಲಿಯಲೆಂದು ರೋಬೋ ಕಾರಿನ ಕಿಟ್ ತರಿಸುತ್ತಾರೆ! ಕಾರು ಎರಡು ಭಾನುವಾರ ಓಡಿ ಅಟ್ಟ ಸೇರುತ್ತದೆ. ತೋಟದ ಪ್ರಶ್ನೆಗಳು ಅಷ್ಟು ಸುಲಭಕ್ಕೆ ಬಿಡುವುದಿಲ್ಲ: ತೊಟ್ಟಿ ತುಂಬಿತೇ, ಅಡಿಕೆ ಬುಡ ಒಣಗಿತೇ? 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿನ್ಯಾಸ ಕಲಿಯುವವರಿಗೆಂದು ಹುಟ್ಟಿದ ಆರ್ಡುಯಿನೋ ಬೋರ್ಡಿನ ಜನಪ್ರಿಯ ಊನೋ ಮಾದರಿಯಲ್ಲಿ ಪ್ರೋಗ್ರಾಮಿಗೆ 32 ಕೆಬಿ, ಲೆಕ್ಕಾಚಾರಕ್ಕೆ ಬರೀ 2 ಕೆಬಿ ಜಾಗ. ತೋಟದ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಅಷ್ಟು ಧಾರಾಳವಾಯಿತು. ಕಷ್ಟ ಶುರುವಾಗುವುದು ಮಣ್ಣಿಗಿಳಿದ ಮೇಲೆ. ಅಗ್ಗದ ತೇವಾಂಶ ಸೆನ್ಸರಿಗೆ ಸದಾ ಕರೆಂಟ್ ಕೊಟ್ಟಿಟ್ಟರೆ ಅದರ ಲೋಹದ ಕಡ್ಡಿಗಳು ಬೇಗ ಸವೆದುಹೋಗುತ್ತವೆ; ಅಳತೆ ತೆಗೆಯುವ ಕ್ಷಣಕ್ಕಷ್ಟೇ ಕೊಟ್ಟರೆ ಹೆಚ್ಚು ಕಾಲ ಬಾಳುತ್ತವೆ. ಪ್ರೋಗ್ರಾಮಿನಲ್ಲಿ ಎರಡು ಸಾಲು ಹೆಚ್ಚು, ಅಷ್ಟೆ. ಕಾರಿನ ಕಿಟ್ಟು ಇದನ್ನು ಕಲಿಸುವುದಿಲ್ಲ. ಒಂದೇ ಮಾತು, ಮಕ್ಕಳೇ: ನಿಮ್ಮ ಪ್ರಯೋಗ 5 ವೋಲ್ಟಿನೊಳಗೇ ಇರಲಿ, ಪಂಪಿನ 415 ವೋಲ್ಟಿನ ತ್ರೀ ಫೇಸ್ ತಂತಿಯನ್ನು ಬಲ್ಲ ಎಲೆಕ್ಟ್ರಿಷಿಯನ್ನರೇ ಮುಟ್ಟಲಿ.