ಏರ್‌ಪೋರ್ಟಿಗೆ ಕೆಂಪೇಗೌಡ, ತೊಟ್ಟಿಲಿಗೆ ರೋಹಿತ್
1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಹೆಸರನ್ನ 2013ರಲ್ಲಿ ಏರ್‌ಪೋರ್ಟಿಗೆ ಇಟ್ಟೆವು. ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ನಿಗೂ ಅದೇ. ಆದ್ರೆ ಮಗುವಿಗೆ ಕೆಂಪಣ್ಣ ಅಂತ ಇಡೋಣ ಅನ್ನಿ, ಮನೆಮಂದಿಯೆಲ್ಲ ನಗ್ತಾರೆ. ಹಳ್ಳಿ ಹೆಸರಂತೆ!

ಸರಿ, ರೋಹಿತ್ ಅಂದ್ರೇನು? ಸಂಸ್ಕೃತದಲ್ಲಿ ಕೆಂಪು. ಅರುಣ್? ಅದೂ ಕೆಂಪೇ. ಕೃಷ್ಣ ಅಂದ್ರೆ ಕಪ್ಪು, ಅಂದ್ರೆ ನಮ್ಮ ಕರಿಯಪ್ಪ. ಬಣ್ಣ ಅದೇ, ಮರ್ಯಾದೆ ಮಾತ್ರ ಬೇರೆ.

ಹಳೇ ಮೈಸೂರು ಕಡೆ ನಮ್ಮ ತಾತನ ಕಾಲಕ್ಕೆ ಕೇರಿಗೊಬ್ಬ ಕೆಂಪಯ್ಯ, ಕೆಂಪಮ್ಮ ಇರೋರು. ಹೆಚ್ಚಿನವರು ಹೊಲ ಉತ್ತವರು, ಕೂಲಿ ಮಾಡಿದವರು. ಮಗುವಿನ ಹೆಸರಿಗೆ ಅರ್ಥ ಗೂಗಲ್ ಮಾಡೋರೇ, ನಿಮಗೆ ನಾಚಿಕೆ ಅರ್ಥದ ಬಗ್ಗೆ ಅಲ್ಲ, ಆ ಹೆಸರು ಹೊತ್ತವರ ಬಗ್ಗೆ. ಅದನ್ನಾದ್ರೂ ನೇರವಾಗಿ ಒಪ್ಕೊಳ್ಳಿ.