ಲಾವಣ್ಯಕ್ಕೆ ಅಂಕಗಣನೆ

ಜಯನಗರ, ಬನಶಂಕರಿಗಳ ಸುಶಿಕ್ಷಿತ ಗೃಹಗಳಲ್ಲಿಯೂ ಈಚೆಗೆ ಒಂದು ವಿಚಿತ್ರ ವಿನೋದವು ಬೇರೂರಿದೆ. ದೂರದರ್ಶನದಲ್ಲಿ ಸೌಂದರ್ಯಸ್ಪರ್ಧೆಯು ನಡೆಯುತ್ತಿರುವಾಗ ತಂದೆತಾಯಿಗಳು ಮಕ್ಕಳೊಡನೆ ಕುಳಿತು, “ಮುಖಕ್ಕೆ ಎಂಟು, ನಿಲುವಿಗೆ ಏಳು, ನಡಿಗೆಗೆ ಐದು” ಎಂದು ಯಾರ ಮನೆಯದೋ ಹೆಣ್ಣುಮಗಳಿಗೆ ಅಂಕಗಳನ್ನು ಹಂಚುವರು. ಹೈಸ್ಕೂಲು ಓದುವ ತಮ್ಮ ಮಗಳೂ ಅಲ್ಲಿಯೇ ಕುಳಿತು ಕೇಳುತ್ತಿರುವಳೆಂಬುದು ಅವರಿಗೆ ತೋಚುವುದಿಲ್ಲ.

ಪರೀಕ್ಷಿಸುವುದೇ ತಪ್ಪೆಂಬುದು ಅವಿಚಾರದ ಮಾತು. ಭರತಮುನಿಯ ನಾಟ್ಯಶಾಸ್ತ್ರದಲ್ಲಿಯೇ ಪ್ರಯೋಗದ ಗುಣದೋಷಗಳನ್ನು ನಿರ್ಣಯಿಸುವ ಪ್ರಾಶ್ನಿಕರ ಲಕ್ಷಣವುಂಟು. ಶಬ್ದಕ್ಕೆ ವೈಯಾಕರಣನು, ಗಾನಕ್ಕೆ ಗಾಯಕನು, ಬಿಲ್ಲು ಹಿಡಿದ ನಿಲುವಿಗೆ ಧನುರ್ಧರನು. ಒಬ್ಬೊಬ್ಬನಿಗೆ ತಾನು ಬಲ್ಲ ವಿಷಯ ಮಾತ್ರ. ನಡಿಗೆಗೆಂದೇ ಅಲ್ಲಿ ಒಂದು ಅಧ್ಯಾಯವಿದೆ. ಕತ್ತಲಲ್ಲಿ ತಡವರಿಸುವವನ ಗತಿ ಬೇರೆ, ಚಳಿಯಿಂದ ನಡುಗುವವನ ಗತಿ ಬೇರೆ, ಹೆಜ್ಜೆಗೊಂದು ಭಾವವುಂಟು. ಸ್ಪರ್ಧೆಯ ‘ಕ್ಯಾಟ್‌ವಾಕ್’ ಎಂಬ ನಡಿಗೆಗಾದರೋ ಉಟ್ಟ ವಸ್ತ್ರವನ್ನು ತೋರಿಸುವುದೊಂದೇ ಅರ್ಥ. ಆದರೂ ಎತ್ತರದ ಹಿಮ್ಮಡಿಯ ಪಾದರಕ್ಷೆಗಳನ್ನು ಮೆಟ್ಟಿ, ಒಂದರ ಮುಂದೊಂದು ಹೆಜ್ಜೆಯಿಟ್ಟು, ತಲೆ ಕದಲದಂತೆ ತಿರುಗಿ ನಿಲ್ಲುವುದು ಅಭ್ಯಾಸದಿಂದ ಬರುವ ವಿದ್ಯೆಯೇ ಸರಿ. ಅದಕ್ಕೆ ಅಂಕವಿರಲಿ. ಮುಖಕ್ಕೆ ಕೊಡುವ ಅಂಕವು ಯಾವ ಪರಿಶ್ರಮಕ್ಕೆ ಸಲ್ಲುವುದು? ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯನ್ನು ವಿವರಿಸುವಾಗ ಅಂಗನೆಯರ ಲಾವಣ್ಯವನ್ನೇ ದೃಷ್ಟಾಂತವಾಗಿ ತಂದನು. ಅದು ಅವಯವಗಳಲ್ಲಿ ತೋರಿದರೂ ಅವಯವಗಳಿಂದ ಬೇರೆಯಾದುದು. ಅವಯವಗಳನ್ನು ಕೂಡಿಸಿ ಲಾವಣ್ಯವನ್ನು ಪಡೆಯಹೊರಟವರ ಲೆಕ್ಕವು ಮೊದಲನೆಯ ಸಾಲಿನಲ್ಲಿಯೇ ತಪ್ಪಿದೆ.

1996ನೆಯ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆಯು ನಡೆದಾಗ ಊರೆಲ್ಲ ಕೋಲಾಹಲವಾಯಿತು. ಈಜುಡುಗೆಯ ಭಾಗವನ್ನು ಸೆಶೆಲ್ಸ್ ದ್ವೀಪಗಳಿಗೆ ಸಾಗಿಸಿದರು. ಮಧುರೆಯಲ್ಲಿ ಯುವಕನೊಬ್ಬನು ಪ್ರತಿಭಟಿಸಿ ಬೆಂಕಿ ಹಚ್ಚಿಕೊಂಡು ಸತ್ತನು. ಪೊಲೀಸರ ಕಾವಲಿನ ನಡುವೆ ಗ್ರೀಸ್ ದೇಶದ ಐರೀನ್ ಸ್ಕ್ಲಿವಾ ಕಿರೀಟವನ್ನು ಧರಿಸಿದಳು. ಭಾರತದ ರಾಣಿ ಜಯರಾಜ್ ಕಡೆಯ ಐವರಲ್ಲಿ ಒಬ್ಬಳಾದಳು. ಕೆಲವು ಮಹಿಳಾಸಂಘಟನೆಗಳು ಸ್ತ್ರೀಯನ್ನು ಸರಕಾಗಿಸುವ ವ್ಯಾಪಾರವನ್ನು ಸರಿಯಾಗಿಯೇ ಖಂಡಿಸಿದುವು. ಉಳಿದ ಬಹುಮಂದಿ ಗದ್ದಲವೆಬ್ಬಿಸಿದುದು ಬಟ್ಟೆಯ ಅಳತೆಯ ಮೇಲೆ. 2015ರಿಂದ ಆ ಸ್ಪರ್ಧೆಯಲ್ಲಿ ಈಜುಡುಗೆಯ ಸುತ್ತು ನಿಂತಿತು. ರೂಪವನ್ನು ತೂಗುವುದು ನಿಂತಿತೆ? ಹೆಣ್ಣಿನ ಸೆರಗನ್ನು ಅಳೆಯುವ ಸಂಸ್ಕೃತಿರಕ್ಷಕನೂ ಸೊಂಟವನ್ನು ಅಳೆಯುವ ತೀರ್ಪುಗಾರನೂ ಹಿಡಿದಿರುವುದು ಒಂದೇ ಟೇಪನ್ನು.

ಬೆಂಗಳೂರಿನಲ್ಲಿ ಬೆಳೆದ ಲಾರಾ ದತ್ತಾ 2000ದಲ್ಲಿ ಸೈಪ್ರಸ್ಸಿನಲ್ಲಿ ಭುವನಸುಂದರಿಯಾದಳು. ಹೊರಗೆ ನಡೆಯುತ್ತಿದ್ದ ಪ್ರತಿಭಟನೆಗೆ ಸಮಾಧಾನ ಹೇಳೆಂಬುದೇ ಅವಳಿಗೆ ಬಂದ ಕಡೆಯ ಪ್ರಶ್ನೆ. ಉದ್ಯಮ, ಸೈನ್ಯ, ರಾಜಕಾರಣ ಯಾವುದಕ್ಕಾದರೂ ಕಾಲಿಡಲು ಇಂಥ ಸ್ಪರ್ಧೆಯು ತರುಣಿಯರಿಗೆ ವೇದಿಕೆಯಾಗುವುದೆಂದು ಅವಳು ಉತ್ತರಿಸಿದಳು. ಜಾಣತನದ ಉತ್ತರ; ಅಂಜಿಕೆಯಿಲ್ಲದ ಉತ್ತರ. ಆದರೆ ಸೈನ್ಯಕ್ಕೂ ರಾಜಕಾರಣಕ್ಕೂ ಹೋಗಬಲ್ಲವಳು ಮೊದಲು ಈಜುಡುಗೆಯಲ್ಲಿ ನಡೆದು ತೇರ್ಗಡೆಯಾಗಬೇಕೆಂಬ ವಿಧಿಯನ್ನು ಅವಳ ಮಾತು ಸಮರ್ಥಿಸಲಿಲ್ಲ, ಸಮರ್ಥಿಸಲಾರದು. ಅವಳ ಸಹೋದರನಿಗೆ ಅಂಥ ವಿಧಿಯುಂಟೆ?

ಸ್ಪರ್ಧೆಯನ್ನು ನಡೆಸುವವರು ನಡಿಗೆಗೊಂದು, ಮಾತಿಗೊಂದು ಕಲಮನ್ನು ಉಳಿಸಿಕೊಂಡು ರೂಪದ ಕಲಮನ್ನು ಹೊಡೆದುಹಾಕಲಿ. ಆಮೇಲೆ ಸಾಬೂನಿನ ವರ್ತಕರೂ ಮುಖಲೇಪನದ ವರ್ತಕರೂ ಎಷ್ಟು ಹಣ ಕೊಡುವರೆಂಬುದನ್ನು ನೋಡಬಹುದು.