ತಿಪ್ಪೆಯ ಸಾರ ಹೊಲಕ್ಕಿರಲಿ, ಕೆರೆಗೆ ಬೇಡ

ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದೊಡನೆ ಮೂಗಿಗೆ ಬಡಿಯುವ ಘಾಟು ರೈತಬಾಂಧವರಿಗೆ ಹೊಸದಲ್ಲ. ಅದು ಅಮೋನಿಯ ಅನಿಲ. ಗಂಜಲದಲ್ಲಿರುವ ಯೂರಿಯಾ ಸಗಣಿಯೊಡನೆ ಬೆರೆತಾಗ ಸೂಕ್ಷ್ಮಜೀವಿಗಳಿಂದ ಒಡೆದು ಈ ಅನಿಲವಾಗುತ್ತದೆ. ಅಂಗಡಿಯಿಂದ ಹಣ ಕೊಟ್ಟು ತರುವ ಸಾರಜನಕವೇ ಇಲ್ಲಿ ಗಾಳಿಪಾಲಾಗುತ್ತಿದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಶೇಕಡ 0.5ರಷ್ಟು ಸಾರಜನಕವಿರುತ್ತದೆ. 10 ಟನ್ ಗೊಬ್ಬರವೆಂದರೆ 50 ಕಿಲೋ ಸಾರಜನಕ. 45 ಕಿಲೋ ತೂಕದ ಎರಡು ಮೂಟೆ ಯೂರಿಯಾಕ್ಕಿಂತ ಹೆಚ್ಚು.

ಗಾಳಿಗೆ ಸೇರಿದ ಅಮೋನಿಯದ ಒಂದು ಪಾಲು ಸುತ್ತಮುತ್ತಲೇ ಇಳಿಯುತ್ತದೆ. ಮರದ ತೊಗಟೆಯ ಮೇಲಿನ ಕಲ್ಲುಹೂವಿಗೆ ಅದು ವಿಷ. ಕೆರೆಯ ಪಾಚಿಗೆ ಗೊಬ್ಬರ. ಪಾಚಿ ಹೆಚ್ಚಿ ಕೊಳೆತರೆ ನೀರಿನ ಆಮ್ಲಜನಕ ಕುಗ್ಗಿ ಮೀನು ಸಾಯುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮರಿ ಸಾಕುವುದು ಇಂಥ ಕೆರೆಗಳ ಮೀನಿನಿಂದಲೇ. ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನ ಮರ ಉಳಿಸಿ ಮೀನಿನ ಕೆರೆ ಕೆಡಿಸಿದರೆ ಫಲವೇನು?

ಕೆರೆ ಸೇರುವ ಸಾರಜನಕವೆಲ್ಲ ಕೊಟ್ಟಿಗೆಯದಲ್ಲ. ಗದ್ದೆಯ ರಸಗೊಬ್ಬರ, ಊರ ಚರಂಡಿಗಳ ಪಾಲೂ ಇದೆ. ಆದರೆ ಕೊಟ್ಟಿಗೆಯ ಪಾಲನ್ನು ತಡೆಯುವುದು ಮಂಡ್ಯ, ಮದ್ದೂರು, ಮಳವಳ್ಳಿಯ ಹೈನುಗಾರರ ಕೈಯಲ್ಲಿದೆ, ಲಾಭವೂ ಅವರದೇ.

ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಕೊಟ್ಟು ಗಂಜಲ ಬೇಗ ಹರಿದುಹೋಗುವಂತೆ ಕಾಲುವೆ ಮಾಡಿರಿ. ಗದ್ದೆಯಲ್ಲಿ ಸುಡುವ ಕಬ್ಬಿನ ತರಗನ್ನು ಕತ್ತರಿಸಿ ದನದ ಕೆಳಗೆ ಹಾಸಿರಿ. ಅದು ಗಂಜಲ ಹೀರುತ್ತದೆ. ಬಯಲು ತಿಪ್ಪೆಯ ಬದಲು ಸುಮಾರು 6 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳದ ಗುಂಡಿಯಲ್ಲಿ ಇವನ್ನೆಲ್ಲ ತುಂಬಿ, ಮೇಲೆ ಸಗಣಿ ಬಗ್ಗಡ ಬಳಿದು ಮುಚ್ಚಿರಿ. ನಾಲ್ಕೈದು ತಿಂಗಳಲ್ಲಿ ಗೊಬ್ಬರ ಸಿದ್ಧ. ಹೊಲದಲ್ಲಿ ಹರಡಿದ ಗೊಬ್ಬರವನ್ನು ಅಂದೇ ಉತ್ತು ಮಣ್ಣಿಗೆ ಸೇರಿಸಿರಿ.

ಇದು ಹೊರಗಿನಿಂದ ಬಂದ ಪಾಠವೇನಲ್ಲ. ಕೊಕ್ಕರೆ ಬೆಳ್ಳೂರಿನ ಹಿರಿಯರು ಗೂಡಿನ ಮರದಡಿ ಗುಂಡಿ ತೋಡಿ, ಕೆರೆಯ ಗೋಡುಮಣ್ಣು ತುಂಬಿ, ಹಕ್ಕಿಯ ಹಿಕ್ಕೆ ಹಿಡಿದು ಹೊಲಕ್ಕೆ ಹಾಕುತ್ತಿದ್ದರು. ಜೇಡಿ ಅಂಶವುಳ್ಳ ಮಣ್ಣು ಅಮೋನಿಯವನ್ನು ಹಿಡಿದಿಡುತ್ತದೆ.

ಒಂದೆರಡು ಹಸು ಸಾಕುವವರು ನೆಲಗಟ್ಟು, ಕಾಲುವೆ, ಗುಂಡಿಗಳ ಖರ್ಚನ್ನು ಒಬ್ಬರೇ ಹೊರುವುದು ಕಷ್ಟ. ಆದುದರಿಂದ ಕೊಟ್ಟಿಗೆಗೆ ಕೊಡುವ ಸಾಲ, ಸಹಾಯಧನದ ಅಂದಾಜಿನಲ್ಲೇ ಇವೂ ಸೇರಬೇಕೆಂಬುದು ನನ್ನ ಅಭಿಪ್ರಾಯ. ಹಾಲಿನ ಡಿಗ್ರಿ ನೋಡುವಷ್ಟೇ ಕಾಳಜಿಯಿಂದ ಸಂಘಗಳು ಸದಸ್ಯರ ಗೊಬ್ಬರದ ಗುಂಡಿಯನ್ನೂ ನೋಡುವಂತಾಗಲಿ.